ಮುಚ್ಚಳ ಹಾಕಿಸಿದ ಮಾವ

ನನ್ನ ಮಾವನ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ಹುಟ್ಟಿನ ಬಣ್ಣವಲ್ಲ, ಕೆಲಸದ ಬಣ್ಣ. ಎರಡು ಮೊಳದ ಜಾಲಿಕೋಲಿನ ಒಂದು ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಹಚ್ಚಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳುವುದು ಅವರ ರೂಢಿ. ಕೋಲಿಗೆ ಮೆತ್ತಿದ ಎಣ್ಣೆ, ಗ್ರೀಸು, ಧೂಳು ಎಲ್ಲ ವರ್ಷಗಟ್ಟಲೆ ಕಿವಿಯ ಸುರುಳಿಗಳಲ್ಲಿ ಇಳಿದು ಕೂತುಬಿಟ್ಟಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಬೂದಿ ಹಚ್ಚಿ ತಿಕ್ಕಿಕೊಂಡರೆ ಹೋದೀತು ಅಂತ ನಾನು ಸ್ನಾನದ ನೀರಿನ ಪಕ್ಕ ಒಂದು ಹಿಡಿ ಬೂದಿಯನ್ನೂ ಇಡುತ್ತಿದ್ದೆ. ಅವರು ಕೈಗೆ ಹಚ್ಚಿಕೊಳ್ಳುತ್ತಿದ್ದರು. ಕಿವಿಯ ತಂಟೆಗೆ ಹೋಗುತ್ತಿರಲಿಲ್ಲ.

ನಿಜಾಮರ ಕಾಲದ ಮಾತು ಇದು. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಾವ ಔರಾದ ಕಡೆಯ ಕಮ್ಮಾರರ ಮನೆಯವರು. ಗಾಡಿಯ ಗಾಲಿಗೆ ಹಳಿ ಕಟ್ಟುವುದು, ಕುಂಟೆಗೆ ಕುಡ ಬಡಿಯುವುದು ಮನೆತನದ ಕೆಲಸ. ಹರೆಯದಲ್ಲಿ ಬೀದರಿಗೆ ಹೋಗಿ, ನೌಬಾದದ ದಾರಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಒಬ್ಬ ಉಸ್ತಾದರ ಕೈಕೆಳಗೆ ಹತ್ತು ಹನ್ನೆರಡು ವರ್ಷ ದುಡಿದರು. ಭಾಲ್ಕಿಯ ದೇಶಮುಖರು ತಮ್ಮ ಕಬ್ಬಿನ ತೋಟಕ್ಕೆಂದು ಸಣ್ಣದೊಂದು ಟ್ರ್ಯಾಕ್ಟರನ್ನು ಹೈದರಾಬಾದಿನಿಂದ ರೈಲಿನಲ್ಲಿ ತರಿಸಿದಾಗ, ಅದನ್ನು ನೋಡಿಕೊಳ್ಳಲು ಮಾವನನ್ನು ಕರೆಸಿಕೊಂಡರು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು. ಒಬ್ಬನೇ ಮಗ. ಆ ಮಗ ಟ್ರ್ಯಾಕ್ಟರ್ ನಡೆಸಲು ಕಲಿತು, ಎರಡು ವರ್ಷಕ್ಕೆ ನನ್ನನ್ನು ಮದುವೆಯಾದರು. ನನ್ನ ತವರು ಬಗದಲ್. ಭಾಲ್ಕಿ ಸ್ಟೇಷನ್ನಿನ ಹಿಂದೆ ಎರಡು ಖೋಲಿಯ ಮನೆಯಲ್ಲಿ ನಾವು ಮೂವರಿದ್ದೆವು.

ಮಾವ ಯಾವ ಕೆಲಸಕ್ಕೆ ಕೂಡುವ ಮುಂಚೆಯೂ "ಸಾಕಾಗ್ಯದವ್ವ" ಅನ್ನುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅದೇ ಮಾತು. ಚೀಲ ಹೆಗಲಿಗೆ ಹಾಕುವಾಗಲೂ ಅದೇ. ಊಟಕ್ಕೆ ಕೂತು ರೊಟ್ಟಿ ಮುರಿಯುವಾಗ ಒಮ್ಮೊಮ್ಮೆ ಅದನ್ನೂ ಒಂದು ಕೆಲಸವೆಂಬಂತೆ ಹೇಳಿಬಿಡುತ್ತಿದ್ದರು. ನನ್ನ ಗಂಡನಿಗೆ ನಗು ಬರುತ್ತಿತ್ತು. "ಅಪ್ಪಂಗ ಹುಟ್ಟಿದಾಗಿಂದ ಸಾಕಾಗ್ಯದ" ಎಂದು ನನಗೆ ಕೇಳುವ ಹಾಗೆ ಅನ್ನುತ್ತಿದ್ದರು. ಆದರೆ ಸಾಕಾಗಿದೆ ಅಂದ ಮನುಷ್ಯ ಕೆಲಸ ಬಿಟ್ಟು ಎದ್ದದ್ದನ್ನು ನಾನು ನೋಡಲಿಲ್ಲ. ಯಂತ್ರದ ಹತ್ತಿರ ಹೋಗುವ ಮುನ್ನ ಕೊರಳಿನ ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿ ವಸ್ತ್ರದಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ಧೋತರದ ಕಚ್ಚೆಯನ್ನು ಎರಡು ಸಲ ಎಳೆದು ಸಿಕ್ಕಿಸುತ್ತಿದ್ದರು. ಜೋತುಬಿದ್ದದ್ದು ಮೈಮೇಲೆ ಏನೂ ಇರಬಾರದು ಎಂದು ಮಗನಿಗೂ ಹೇಳುತ್ತಿದ್ದರು. "ತಿರಗೂದು ನಿಂತಂಗ ಕಾಣ್ತದ. ನಿಂತಿರೂದಿಲ್ಲ."

ತೋಟದ ಹಂಗಾಮಿನಲ್ಲಿ ಟ್ರ್ಯಾಕ್ಟರು ಉಳುವ ಕೆಲಸ ಬಿಟ್ಟು ಗಾಣ ತಿರುಗಿಸುತ್ತಿತ್ತು. ಗಾಣದಿಂದ ಒಂದು ಮಾರು ದೂರದಲ್ಲಿ ಅದನ್ನು ನಿಲ್ಲಿಸಿ, ಅದರ ಬೆನ್ನಿನ ಕಡೆಯಿಂದ ಗಾಣಕ್ಕೆ ಒಂದು ಕಬ್ಬಿಣದ ಶಾಫ್ಟು ಹಾಕುತ್ತಿದ್ದರು. ಆ ಶಾಫ್ಟಿನ ಎರಡು ಕೊನೆಗೂ ಒಂದೊಂದು ಜೋಡು. ಟ್ರ್ಯಾಕ್ಟರಿನ ಎತ್ತರ ಬೇರೆ, ಗಾಣದ ಎತ್ತರ ಬೇರೆ. ಆ ಓರೆಯಲ್ಲೂ ಶಾಫ್ಟು ಸಲೀಸಾಗಿ ತಿರುಗಬೇಕಾದರೆ ನಮ್ಮ ಮೊಣಕೈ ಮಡಚುವ ಹಾಗೆ ಜೋಡು ಮಡಚಬೇಕು. ಜೋಡಿನ ನಡುವೆ ನಾಲ್ಕು ತೋಳಿನ ಒಂದು ತುಂಡು. ಮಾವ ಅದಕ್ಕೆ ಕ್ರಾಸು ಅನ್ನುತ್ತಿದ್ದರು. ಆ ನಾಲ್ಕು ತೋಳುಗಳು ನಾಲ್ಕು ಹಿತ್ತಾಳೆಯ ಬುಷ್ಷುಗಳೊಳಗೆ ಆಡುತ್ತವೆ. ಅಲ್ಲಿ ಗ್ರೀಸು ಒಣಗಿದರೆ ಹಿತ್ತಾಳೆ ಸವೆಯುತ್ತದೆ, ಸವೆದರೆ ಜೋಡು ಸಡಿಲಾಗಿ ಟಕ್ ಟಕ್ ಅನ್ನುತ್ತದೆ. ಶಾಫ್ಟಿನ ಮೇಲೆ ತಗಡಿನ ಒಂದು ಮುಚ್ಚಳವಿತ್ತು. ಇದಿಷ್ಟು ನನಗೆ ಆಗ ಗೊತ್ತಿರಲಿಲ್ಲ. ಬುತ್ತಿ ಕೊಡಲು ಹೋದಾಗ ದೂರದಿಂದ ನೋಡಿ, ಮುಚ್ಚಳದ ಅಡಿಯಲ್ಲಿ ಹಾವಿನ ಹಾಗೆ ಹೊಳೆಯುತ್ತಾ ಏನೋ ತಿರುಗುತ್ತದೆ ಅಂದುಕೊಂಡು ಬರುತ್ತಿದ್ದೆ.

ಮೂರನೆಯ ಹಂಗಾಮಿನಲ್ಲಿ ಗಾಣದ ಕಡೆಯ ಜೋಡು ಕೆಟ್ಟಿತು. ಕಡಿದ ಕಬ್ಬು ಗಾಣದ ಮುಂದೆ ಗುಡ್ಡೆಯಾಗಿ ಬಿದ್ದು ಒಣಗುತ್ತಿತ್ತು. ಸಾಮಾನು ಹೈದರಾಬಾದಿನಿಂದ ಬರಬೇಕು, ಬರಲು ಮೂರು ವಾರವಾದರೂ ಬೇಕು. ದೇಶಮುಖರ ಕಾರಭಾರಿ ದಿನಕ್ಕೆ ಎರಡು ಸಲ ಬಂದು ನಿಂತು, "ಏನ್ ಮಿಸ್ತ್ರಿ, ಕಬ್ಬಿನ ರಸ ಬಿಸಲಿಗೆ ಕುಡಸ್ತಿಯೇನು?" ಎಂದು ಕೇಳುತ್ತಿದ್ದ. ಮಾವ ಎರಡು ದಿನ ಕೂತು ಗಾಡಿಯ ಅಚ್ಚಿನ ಕಬ್ಬಿಣವನ್ನು ಕಾಸಿ ಬಡಿದು ಹೇಗೋ ಜೋಡನ್ನು ಸರಿಮಾಡಿದರು. ಜೋಡನ್ನು ಶಾಫ್ಟಿಗೆ ಕಚ್ಚಿಸುವ ಬೋಲ್ಟು ಮುರಿದಿತ್ತು. ಮೊದಲಿದ್ದ ಬೋಲ್ಟಿನ ತಲೆ ಜೋಡಿನ ಮೈಯೊಳಗೆ ಅಡಗಿ ಕೂಡುವಂಥದ್ದು. ಅಂಥದ್ದು ಸಿಗಲಿಲ್ಲ. ಒಂದು ಉದ್ದನೆಯ ಬೋಲ್ಟು ಹಾಕಿದರು. ಅದರ ತಲೆ ಹೆಬ್ಬೆರಳಿನಷ್ಟು ಹೊರಗೆ ಚಾಚಿತ್ತು. ತಿರುಗುವಾಗ ತಗಡಿನ ಮುಚ್ಚಳಕ್ಕೆ ಬಡಿಯುತ್ತದೆಂದು ಮುಚ್ಚಳವನ್ನು ತೆಗೆದು ಬದಿಗಿಟ್ಟರು. ಎರಡು ದಿನ ನಡೆಯಲಿ, ಆಮೇಲೆ ಬದಲಿಸೋಣ ಅಂದುಕೊಂಡಿದ್ದರು. ಗಾಣ ಚೆನ್ನಾಗಿ ನಡೆಯಿತು. ಕಾರಭಾರಿ ಬಂದು ನಿಲ್ಲುವುದನ್ನು ಬಿಟ್ಟ. ಎರಡು ದಿನ ಹೋಗಿ ಹನ್ನೊಂದು ದಿನವಾಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಚಳಿ ಹೆಚ್ಚಿತ್ತು. ನನ್ನ ಗಂಡ ಶಾಲು ಹೊದ್ದಿದ್ದರು. ಗಾಣದ ಬಾಯಿಗೆ ಕಬ್ಬಿನ ಸಿಪ್ಪೆ ಸಿಕ್ಕಿಕೊಂಡಿತೆಂದು ಟ್ರ್ಯಾಕ್ಟರಿನಿಂದ ಇಳಿದು ಬಂದು, ಶಾಫ್ಟಿನ ಪಕ್ಕದಲ್ಲಿ ಬಗ್ಗಿದರು. ಬೋಲ್ಟಿನ ತಲೆ ಶಾಲಿನ ಸೆರಗನ್ನು ಹಿಡಿಯಿತು. ಮಾವ ಹತ್ತು ಹೆಜ್ಜೆ ದೂರದಲ್ಲಿದ್ದರು. ಓಡಿ ಬಂದು ಶಾಲನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಒಬ್ಬ ಆಳು ಟ್ರ್ಯಾಕ್ಟರ್ ಹತ್ತಿ ಬಂದ್ ಮಾಡುವುದರೊಳಗೆ ಎಲ್ಲ ಮುಗಿದಿತ್ತು. ಮಾವನ ಬಲಗೈಯ ಮೂರು ಬೆರಳು ಮುರಿದು, ಮುಂದೆ ಎಂದೂ ಮಡಚಲಿಲ್ಲ.

ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓಡಿದೆ.

ಜನ ಬಂದರು, ಹೋದರು. ಹಣೆಬರಹ ಅಂದರು. ಕಾರಭಾರಿ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಹುಡಗಂದೇ ಗಲತಿ. ಶಾಲ ಹೊದ್ಕೊಂಡು ಮಷೀನ ಹತ್ರ ಯಾರರ ಹೋಗ್ತಾರೇನು?" ಆ ಮಾತು ಊರೆಲ್ಲ ತಿರುಗಿತು. ಬಾವಿಯ ಕಟ್ಟೆಯ ಮೇಲೆ ಹೆಂಗಸರು ನನ್ನೆದುರಿಗೇ, ಪಾಪ, ಹುಡುಗ ಬೇಹುಶಾರ್ ಇದ್ದ, ಎಚ್ಚರ ಸಾಲದು ಅಂದರು. ಮಾವ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದರು. ಕಾರಭಾರಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಬಾಯಿ ಬಿಡಲಿಲ್ಲ.

ಕರೆದುಕೊಂಡು ಹೋಗಲು ಬಗದಲಿನಿಂದ ನನ್ನ ಅಣ್ಣ ಬಂದ. ಮಕ್ಕಳಿರಲಿಲ್ಲ. ಅಲ್ಲಿ ಉಳಿಯಲು ಕಾರಣವೂ ಇರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅಣ್ಣ ಸ್ಟೇಷನ್ನಿಗೆ ಟಿಕೀಟು ಕೇಳಲು ಹೋಗಿದ್ದಾಗ ಮಾವ ನನ್ನನ್ನು ಕರೆದರು. ಎಡಗೈಯಿಂದ ಚೀಲದೊಳಗೆ ತಡಕಾಡಿ ಒಂದು ಬೋಲ್ಟನ್ನು ತೆಗೆದು ನೆಲದ ಮೇಲೆ, ನನ್ನ ಮುಂದೆ ಇಟ್ಟರು.

"ಇದ ನೋಡವ್ವ. ಇದರ ತೆಲಿ ಹೊರಗ ಬರ್ತಿತ್ತು. ಇದ ಹಾಕಿದಾವ ನಾನು. ಮುಚ್ಚಳ ತೆಗದಾವ ನಾನು. ಹುಡಗ ಕೇಳ್ಯಾನ, ಅಪ್ಪಾ ಮುಚ್ಚಳ ಯಾವಾಗ ಹಾಕ್ತಿ ಅಂತ. ನಾಳಿಗಿ ಹಾಕ್ತೇನಿ ಅಂದೆ."

ಅವರು ಅಳಲಿಲ್ಲ. ಮಾಡಲೇಬೇಕಾದ ಒಂದು ಕೆಲಸ ಮುಗಿಸಿದವರಂತೆ ಗೋಡೆಗೆ ಒರಗಿದರು. ನಾನು ಆ ಬೋಲ್ಟನ್ನು ನೋಡಿದೆ. ಅವರ ಮುಖ ನೋಡಲಿಲ್ಲ. ಗಂಟು ಎತ್ತಿಕೊಂಡು ಹೊಸ್ತಿಲು ದಾಟಿ, ಅಣ್ಣ ಬರುವ ತನಕ ಬಿಸಿಲಿನಲ್ಲೇ ನಿಂತೆ.

ಬಗದಲಿನಲ್ಲಿ ಎಂಟು ತಿಂಗಳು ಇದ್ದೆ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಮಳೆಗಾಲದಲ್ಲಿ ಹೆಸರುಕಾಯಿ ಬಿಡಿಸಲು ಹೋದೆ, ಕಸ ತೆಗೆದೆ, ಕುರಿಗಳಿಗೆ ಸೊಪ್ಪು ಹಾಕಿದೆ. ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಮಾವನೊಂದಿಗೆ ಜಗಳ ನಡೆಯುತ್ತಿತ್ತು. ನಾಳೆ ಹಾಕುತ್ತೇನೆ ಎಂದರಲ್ಲ, ಯಾಕೆ ಹಾಕಲಿಲ್ಲ? ಮಗ ಕೇಳಿದಾಗಲಾದರೂ ಯಾಕೆ ಏಳಲಿಲ್ಲ? ಇದನ್ನು ಕೇಳಿ ಕೇಳಿ ನನಗೇ ದಣಿವಾಗುತ್ತಿತ್ತು. ಆದರೂ ಬೆಳಿಗ್ಗೆ ಎದ್ದರೆ ಮತ್ತೆ ಅಲ್ಲಿಂದಲೇ ಶುರು.

ಒಂದು ದಿನ ಮಧ್ಯಾಹ್ನ ಮಾವ ಬಂದರು. ಭಾಲ್ಕಿಯಿಂದ ಬೀದರಿನ ತನಕ ರೈಲು, ಬೀದರಿನಿಂದ ನಡಿಗೆ. ಕಾಲಿಗೆ ಮೊಣಕಾಲಿನವರೆಗೆ ಕೆಂಪು ಧೂಳು. ನಾನು ನೀರು ಕೊಟ್ಟೆ. ಅಣ್ಣ ಹಗ್ಗ ಹೊಸೆಯುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ. ಮಾವ ನೀರು ಕುಡಿದು ಚೊಂಬನ್ನು ಕೆಳಗಿಟ್ಟು, "ಸಾಕಾಗ್ಯದ" ಎಂದರು. ಆಮೇಲೆ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು.

"ಈ ಕೈ ಪಾನಾ ಹಿಡಿಯೂದಿಲ್ಲವ್ವ. ಗಾಣದ ಹಂಗಾಮ ಬಂತು. ಹೊಸಾ ಡ್ರೈವರ ಬಂದಾನ. ಜೋಡ ಹಂಗೇ ಅದ, ಮುಚ್ಚಳ ಹಂಗೇ ಮೂಲ್ಯಾಗ ಬಿದ್ದದ. ಅದನ್ನ ಬಿಚ್ಚಿ ಬರಾಬರಿ ಮಾಡಬೇಕು. ನಾ ಹೇಳತೇನಿ, ನೀ ಕೈ ಆಗ್ತಿಯೇನು?"

ಅಣ್ಣ ಹಗ್ಗವನ್ನು ಕೆಳಗೆ ಹಾಕಿದ. "ಏನ್ ಮಾತಾಡ್ತೀರಿ ಮಾವಾರ? ಆ ಮಷೀನ ನನ್ನ ತಂಗೀ ಗಂಡನ್ನ ತಿಂದದ. ಅದನ್ನ ಅಕಿ ಕೈಲೇ ಮುಟ್ಟಸ್ತೀರೇನು? ಭಾಲ್ಕ್ಯಾಗ ಗಂಡಸರು ಇಲ್ಲೇನ್ರಿ?"

"ಇದ್ದಾರ" ಎಂದರು ಮಾವ. "ನಾಕ್ ಮಂದೀಗಿ ಕೇಳೀನಿ. ಅವರಿಗಿ ಆ ಬೋಲ್ಟ ಅಂದ್ರ ಬೋಲ್ಟ ಅಷ್ಟ. ಜಲ್ದಿ ಮುಗಸ್ತಾರ, ನಾಳಿಗಿ ನೋಡೂಣು ಅಂತಾರ. ನಾನೂ ಹಂಗೇ ಅಂದಿದ್ದೆ. ಈಕಿ ಅನ್ನೂದಿಲ್ಲ."

ಅವರು ಕ್ಷಮಿಸು ಅಂದಿದ್ದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರು ಅದನ್ನು ಕೇಳಲು ಬಂದಿರಲಿಲ್ಲ. ಮರುದಿನ ಅವರ ಜೊತೆ ಹೊರಟೆ. ಪ್ರೀತಿಯಿಂದ ಹೋದೆ ಅಂತ ಬರೆದರೆ ಸುಳ್ಳಾಗುತ್ತದೆ. ಆ ಶಾಫ್ಟನ್ನು ನನ್ನ ಕೈಯಾರೆ ಬಿಚ್ಚಿ ನೋಡಬೇಕೆಂಬ ಒಂದು ಹಟ ಇತ್ತು. ಬೀದರಿನಲ್ಲಿ ಅವರ ಹಳೆಯ ಉಸ್ತಾದರ ಕಾರಖಾನೆಗೆ ಹೋಗಿ, ಅಲ್ಲಿನ ಕಬ್ಬಿಣ ಕಡೆಯುವ ಚರಕಿಯ ಮೇಲೆ ನಾಲ್ಕು ಬುಷ್ಷು ಮತ್ತು ತಲೆ ಅಡಗುವ ಬೋಲ್ಟುಗಳನ್ನು ಮಾಡಿಸಿಕೊಂಡೆವು. ಉಸ್ತಾದರು ತುಂಬ ಮುದುಕರು. ಮಾವನ ಬೆರಳುಗಳನ್ನು ತಮ್ಮ ಕೈಯಲ್ಲಿ ಹಿಡಿದು, ಒಂದೊಂದನ್ನೇ ಮೆಲ್ಲಗೆ ಮಡಚಲು ನೋಡಿದರು. ಮಡಚಲಿಲ್ಲ.

ತೋಟದಲ್ಲಿ ಟ್ರ್ಯಾಕ್ಟರಿನ ಪಕ್ಕ ಒಂದು ಗೋಣಿಚೀಲ ಹಾಸಿ ಮಾವ ನನ್ನನ್ನು ಕೂಡಿಸಿದರು. ಸೆರಗನ್ನು ಸೊಂಟಕ್ಕೆ ಬಿಗಿದು, ಕರಡಿಗೆಯನ್ನು ಎದೆಗೆ ಕಟ್ಟಿಕೊಳ್ಳಲು ಹೇಳಿದರು. ಬಳೆ ಆಗಲೇ ಇರಲಿಲ್ಲ. ಯಂತ್ರ ಬಂದ್ ಇದೆಯೋ ಇಲ್ಲವೋ ಎಂದು ಹೊಸ ಡ್ರೈವರನ ಮಾತನ್ನೂ ನಂಬದೆ ತಾವೇ ಹೋಗಿ ನೋಡಿ ಬಂದರು. ಆಮೇಲೆ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಶುರುಮಾಡಿದರು.

"ಮೊದಲ ಉಳಿ ತೊಗೊಂಡು ಎರಡೂ ಕಡಿ ಗುರತ ಹಾಕು. ಬಿಚ್ಚೂದು ಸಸಾರ. ಹ್ಯಾಂಗ ಇತ್ತು ಹಂಗೇ ಕೂಡ್ಸೂದು ಕೆಲಸ."

ಗುರುತು ಹಾಕಿದೆ. ಬೋಲ್ಟು ಬಿಚ್ಚಲು ಪಾನಾ ಕೈಗೆ ತೆಗೆದುಕೊಂಡೆ. ಅದೇ ರೀತಿಯ ಇನ್ನೊಂದು ಉದ್ದ ಬೋಲ್ಟನ್ನು ಹೊಸ ಡ್ರೈವರ ಹಾಕಿದ್ದ. ಅದರ ತಲೆಯನ್ನು ಬೆರಳಿನಿಂದ ಮುಟ್ಟಿದಾಗ ತಡೆಯಲಾಗದೆ ಎದ್ದು ಬೇವಿನ ಗಿಡದ ಆಚೆ ಹೋಗಿ ವಾಂತಿ ಮಾಡಿಕೊಂಡೆ. ಮಾವ ಕರೆಯಲಿಲ್ಲ. ನಾನು ಬಾಯಿ ತೊಳೆದು ತಿರುಗಿ ಬರುವ ತನಕ ಅಲ್ಲೇ ಕೂತಿದ್ದರು. ಬಂದು ಕೂತ ಮೇಲೆ, "ಪಾನಾ ಬಲಕ್ಕ ಅಲ್ಲ, ಎಡಕ್ಕ ತಿರುವು" ಎಂದಷ್ಟೇ ಹೇಳಿದರು.

ಬುಷ್ಷುಗಳನ್ನು ಹೊಡೆದು ತೆಗೆಯಲು ಅರ್ಧ ದಿನ ಹಿಡಿಯಿತು. ತುಕ್ಕು ಕಚ್ಚಿತ್ತು. ನನ್ನ ಸುತ್ತಿಗೆ ಹತ್ತರಲ್ಲಿ ನಾಲ್ಕು ಏಟು ತಪ್ಪುತ್ತಿತ್ತು, ಎರಡು ಬೆರಳು ಜಜ್ಜಿಕೊಂಡೆ. ಕ್ರಾಸನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ತೊಳೆದಾಗ ಅದರೊಳಗೆ ಗ್ರೀಸು ಹೋಗುವ ಸಣ್ಣ ತೂತು ಕಾಣಿಸಿತು. ಕಬ್ಬಿನ ಧೂಳು, ಒಣಗಿದ ರಸ ಸೇರಿ ಕಲ್ಲಿನಂತೆ ಮುಚ್ಚಿಹೋಗಿತ್ತು. ದಬ್ಬಳದಿಂದ ಚುಚ್ಚಿ ಚುಚ್ಚಿ ಅದನ್ನು ಬಿಡಿಸಿದೆ. ಮಾವ ಅದನ್ನು ಬೆಳಕಿಗೆ ಹಿಡಿದು, ಈ ಕಡೆಯಿಂದ ಆ ಕಡೆ ನೋಡಿ, "ಇದರಾಗ ಹ್ವಾದ ವರ್ಷ ನಾ ಗ್ರೀಸ ತುಂಬೀನಿ ಅಂದ್ಕೊಂಡಿದ್ದೆ. ಒಳಗ ಹೋಗೇ ಇಲ್ಲ" ಅಂದರು. ಹೊಸ ಬುಷ್ಷು ಕೂರಿಸಿ, ಗ್ರೀಸು ನಾಲ್ಕೂ ತೋಳಿನ ಅಂಚಿನಿಂದ ಹೊರಗೆ ಇಣುಕುವ ತನಕ ತುಂಬಿಸಿದರು. ಬೋಲ್ಟು ಬಿಗಿದ ಮೇಲೆ ಅದರ ಮೇಲೆ ಒಂದು ಹತ್ತಿಯ ಎಳೆಯನ್ನು ಎಳೆಯಲು ಹೇಳಿದರು. ಎಳೆ ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಬೇಕು. ಒಂದು ಕಡೆ ಸಿಕ್ಕಿತು. ಅರದಿಂದ ಉಜ್ಜಿ ನುಣುಪು ಮಾಡಿ ಮತ್ತೆ ಎಳೆದೆ. ಹೀಗೆ ಐದು ಸಲ.

ಹಳೆಯ ತಗಡು ತುಕ್ಕು ಹಿಡಿದು ಹರಿದಿತ್ತು. ಮಾವ ಬಡಿಗನಿಂದ ಜಾಲಿಯ ಹಲಗೆಗಳ ಮುಚ್ಚಳವೊಂದನ್ನು ಮಾಡಿಸಿದರು, ತೊಟ್ಟಿಲನ್ನು ಬೋರಲು ಹಾಕಿದಂತೆ. ಅದನ್ನು ಎತ್ತಿಕೊಂಡು ತೋಟಕ್ಕೆ ಬಂದ ದಿನ ದೇಶಮುಖರೂ ಬಂದಿದ್ದರು. ಗಾಣದ ಪೂಜೆ ಅಂದು. ಆಳುಗಳೆಲ್ಲ ನೆರೆದಿದ್ದರು. ಕಾರಭಾರಿ ಮುಚ್ಚಳ ನೋಡಿ ಮುಖ ಗಂಟಿಕ್ಕಿದ.

"ಇದೇನ್ ತಮಾಶಾ? ದಿನಾ ಈ ಒಜ್ಜೆ ಎತ್ತಿ ಇಳಸಿ ಗ್ರೀಸ ಹಾಕ್ಕೋತ ಕೂತ್ರ ಗಾಣ ಯಾವಾಗ ನಡೀಬೇಕು? ಹುಶಾರ ಇದ್ದಾವಗ ಮುಚ್ಚಳ ಬೇಕಾಗೂದಿಲ್ಲ. ಹ್ವಾದ ವರ್ಷ ಆ ಹುಡಗ ಶಾಲ ಹೊದ್ಕೊಂಡು ಬಂದ, ಅದಕ್ಕ…"

"ಹುಡಗಂದು ಗಲತಿ ಇಲ್ಲರಿ" ಎಂದರು ಮಾವ.

ಮೆಲ್ಲಗೇ ಅಂದರು. ಆದರೂ ಎಲ್ಲರೂ ತಿರುಗಿ ನೋಡಿದರು. ಅವರು ದೇಶಮುಖರ ಕಡೆ ತಿರುಗಿ ಮುರಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತರು.

"ಮಾಲಕ್, ಆ ಬೋಲ್ಟ ಹಾಕಿದಾವ ನಾನ್ರಿ. ತೆಲಿ ಹೊರಗ ಇತ್ತು, ನನಗ ಗೊತ್ತಿತ್ತು. ಮುಚ್ಚಳ ತೆಗದಾವನೂ ನಾನೇ. ಹುಡಗ ಮುಚ್ಚಳ ಹಾಕು ಅಂತ ಕೇಳ್ಯಾನ. ನಾ ಹಾಕಲಿಲ್ಲ. ಊರ ಮಂದಿ ಹುಡಗಂದು ಗಲತಿ ಅಂತ ಅನ್ಲಿಕ್ಕ ಹತ್ಯಾರ. ನಾ ಒಂದ ವರ್ಷ ಕೇಳ್ಕೋತ ಸುಮ್ಮ ಕೂತೀನ್ರಿ. ಆ ಕಸೂರ ನಂದದ."

ನಾನು ಮುಚ್ಚಳದ ಒಂದು ತುದಿಯನ್ನು ಹಿಡಿದುಕೊಂಡಿದ್ದೆ. ಕೈ ಸೋಲುತ್ತಿತ್ತು, ಇಳಿಸಲು ತೋಚಲಿಲ್ಲ. ದೇಶಮುಖರು ಬಹಳ ಹೊತ್ತು ಮಾವನನ್ನು ನೋಡಿದರು. ಅವರು ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ, ಒಳ್ಳೆಯವರೆಂದೂ ಹೇಳಲಾರೆ. ಕೊನೆಗೆ, "ಮುಚ್ಚಳ ಇರ್ಲಿ" ಎಂದರು. ಆಮೇಲೆ ಕಾರಭಾರಿಯ ಕಡೆ ತಿರುಗಿ, "ಇವಂಗ ಮಷೀನ ಮುಟ್ಲಿಕ್ಕ ಬಿಡಬ್ಯಾಡ ಇನ್ನ" ಎಂದು ಹೇಳಿ ಕುದುರೆ ಹತ್ತಿ ಹೋದರು.

ಕಾರಭಾರಿ ಹೊಸ ಡ್ರೈವರನನ್ನು ಕೇಳಿದ: ದಿನಾ ಮುಚ್ಚಳ ಎತ್ತಿ ಜೋಡಿಗೆ ಗ್ರೀಸು ಹಾಕುವವರು ಯಾರು? ಡ್ರೈವರ ತನ್ನ ಕೆಲಸ ನಡೆಸುವುದು ಮಾತ್ರ ಎಂದ. ಆಳುಗಳು ಆ ಶಾಫ್ಟಿನ ಹತ್ತಿರ ಬರಲು ಒಲ್ಲೆವೆಂದರು. ಆಗ ನಾನು, "ನಾ ಹಾಕ್ತೇನ್ರಿ" ಎಂದೆ. ಕಾರಭಾರಿ ನಕ್ಕ. ಬೇರೆ ದಾರಿ ಕಾಣದೆ, ಕಬ್ಬಿನ ಸಿಪ್ಪೆ ಹೊರುವ ಹೆಂಗಸರ ಸಾಲಿನಲ್ಲಿ ನನ್ನನ್ನೂ ಸೇರಿಸಿದ. ಗ್ರೀಸಿನ ಕೆಲಸ ಅದರ ಮೇಲೆ.

ಅಂದು ಸಂಜೆ ಮನೆಗೆ ಬರುವಾಗ ಮಾವ ನನ್ನ ಹಿಂದೆ ನಡೆಯುತ್ತಿದ್ದರು. ಬಾವಿಯ ಕಟ್ಟೆಯ ಹತ್ತಿರ ಹೆಂಗಸರು ನಮ್ಮನ್ನು ನೋಡಿ ದಾರಿ ಬಿಟ್ಟರು. ಒಬ್ಬಳು ಮುದುಕಿ ತೋಟಕ್ಕೆ ಒಯ್ದಿದ್ದ ಖಾಲಿ ಕೊಡವನ್ನು ನನ್ನ ಕೈಯಿಂದ ಇಸಿದುಕೊಂಡು ತಾನೇ ನೀರು ಸೇದಿ ತುಂಬಿಸಿಕೊಟ್ಟಳು. ಬೇಹುಶಾರ್ ಎನ್ನುವ ಮಾತನ್ನು ಆಮೇಲೆ ನಾನು ಕೇಳಲಿಲ್ಲ.

ಮಾವನಿಗೆ ಅದರಿಂದ ಆದದ್ದೇನು? ಕೆಲಸ ಹೋಯಿತು. ಯಂತ್ರದ ಹತ್ತಿರ ಬರುವಂತಿರಲಿಲ್ಲ. ಆದರೆ ತೋಟದ ಬೇಲಿಯ ಹೊರಗೆ ನಿಲ್ಲಬೇಡ ಎಂದು ಯಾರೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಜೊತೆ ಬಂದು, ಬೇಲಿಯ ಆಚೆ ಬೇವಿನ ಗಿಡದ ಬುಡದಲ್ಲಿ ಗಾಣದ ಕಡೆ ಬಲಗಿವಿ ಮಾಡಿ ಕೂಡುತ್ತಿದ್ದರು. ದಾರಿಹೋಕರು ಅವರಿಗೆ ಭ್ರಮೆಯಾಗಿದೆ ಎಂದುಕೊಳ್ಳುತ್ತಿದ್ದರು. ಮಧ್ಯಾಹ್ನ ಗಾಣ ನಿಂತಾಗ ನಾನು ಬುತ್ತಿ ಬಿಚ್ಚಲು ಹೋದರೆ, "ಟ್ರ್ಯಾಕ್ಟರ ಕಡಿ ಜೋಡ ಒಣಗ್ಯದ, ಊಟ ಮಾಡೂ ಮುಂಚೆ ಹಾಕಿ ಬಾ" ಎನ್ನುತ್ತಿದ್ದರು. ಹೋಗಿ ನೋಡಿದರೆ ಒಣಗಿರುತ್ತಿತ್ತು.

ಮರುವರ್ಷ ನಾನೊಬ್ಬಳೇ ಶಾಫ್ಟು ಬಿಚ್ಚಿ ತೊಳೆದು ಜೋಡಿಸಿದೆ. ಶಾಫ್ಟು ಒಂದರೊಳಗೊಂದು ಜಾರುವ ಎರಡು ತುಂಡು. ಗುರುತುಗಳು ಎದುರುಬದುರು ಬರಬೇಕು, ಎರಡೂ ಕೊನೆಯ ಜೋಡುಗಳು ಒಂದೇ ನೇರದಲ್ಲಿರಬೇಕು. ನಾನು ಅವಸರದಲ್ಲಿ ಒಂದು ಮಗ್ಗುಲು ತಪ್ಪಿ ಕೂಡಿಸಿದ್ದೆ. ಗಾಣ ತಿರುಗಿತು, ಕಬ್ಬು ಅರೆಯಿತು, ಯಾರಿಗೂ ಏನೂ ಅನ್ನಿಸಲಿಲ್ಲ. ಬೇಲಿಯ ಆಚೆಯಿಂದ ಮಾವ ಎದ್ದು ನಿಂತು ಎಡಗೈ ಬೀಸಿ ಕೂಗಿದರು: "ಬಂದ್ ಮಾಡ್ರಿ! ಬಂದ್!" ಡ್ರೈವರ ಬೈಯುತ್ತಾ ನಿಲ್ಲಿಸಿದ. ನಾನು ಓಡಿ ಹೋದೆ.

"ನಡಗ್ಲಿಕ್ಕ ಹತ್ಯದ ಅದು. ಒಂದ್ ಸುತ್ತಿನಾಗ ಎರಡ್ ಸಲ ಹಿಡದು ಬಿಡ್ತದ. ಗುರತ ನೋಡಿದಿಯೇನು?"

"ನೋಡೀನ್ರಿ."

"ಮತ್ತ ನೋಡು."

ನೋಡಿದೆ. ತಪ್ಪಿತ್ತು. ಸರಿಮಾಡಿ ಬಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕೈಯ ಗ್ರೀಸನ್ನು ತಮ್ಮ ಧೋತರದ ಚುಂಗಿನಿಂದ ಒರೆಸುತ್ತಾ, "ನಾಳಿಗಿ ನೋಡ್ತೇನಿ ಅನ್ಲಿಲ್ಲ ನೀ. ಅಷ್ಟ ಸಾಕು" ಅಂದರು. ನಾನು ಕೈ ಎಳೆದುಕೊಂಡೆ. ಅವರ ಮೇಲಿನ ಸಿಟ್ಟು ನನಗೆ ಆಗಲೂ ಇತ್ತು. ಒಂದೇ ಸೂರಿನ ಕೆಳಗೆ ಉಂಡೆವು, ಒಂದೇ ದಾರಿಯಲ್ಲಿ ನಡೆದೆವು, ಅವರು ಜ್ವರದಲ್ಲಿ ಮಲಗಿದಾಗ ನಾನು ಗಂಜಿ ಕುಡಿಸಿದೆ. ಅದರ ಜೊತೆಗೇ ಅದೂ ಇತ್ತು. ಅವರಿಗೆ ಅದು ಗೊತ್ತಿತ್ತು.

ಹೀಗೆ ಐದು ಹಂಗಾಮು ಕಳೆದವು. ಐದನೆಯದು ಮುಗಿದ ಬೇಸಿಗೆಯಲ್ಲಿ ಮಾವ ಹಾಸಿಗೆ ಹಿಡಿದರು. ರೋಗವೆಂದು ಹೇಳುವಂಥದ್ದು ಏನೂ ಇರಲಿಲ್ಲ. ದಿನದಿನಕ್ಕೆ ಕಡಿಮೆ ಉಣ್ಣುತ್ತಾ, ಕಡಿಮೆ ಮಾತಾಡುತ್ತಾ ಬಂದರು. ಔರಾದಿಗೆ ಕರೆದುಕೊಂಡು ಹೋಗು ಎಂದರು. ಬಾಡಿಗೆಯ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಅವರ ಅಣ್ಣನ ಮಕ್ಕಳ ಮನೆಗೆ ಒಯ್ದೆ. ಆ ಮನೆಯ ಪಡಸಾಲೆಯಲ್ಲಿ ಇನ್ನೂ ಹತ್ತು ದಿನ ಇದ್ದರು. ಅಂಗಳದಲ್ಲಿ ಅವರ ಹಿರಿಯರ ಕುಲುಮೆ ಇತ್ತು, ಮಕ್ಕಳು ಅಲ್ಲಿ ಕುಡ ಬಡಿಯುತ್ತಿದ್ದರು. ಆ ಸದ್ದು ಕೇಳುತ್ತಾ ಮಲಗಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅವರಿಗೆ ಬೀಸಣಿಗೆ ಬೀಸುತ್ತಿದ್ದೆ. ಕಣ್ಣು ಮುಚ್ಚಿಯೇ ಕೇಳಿದರು:

"ನನ್ನ ಮ್ಯಾಲಿನ ಸಿಟ್ಟ ಹೋಗ್ಯದೇನವ್ವ ನಿಂದು?"

ಸಾಯುವ ಮನುಷ್ಯನಿಗೆ ಹೋಗಿದೆ ಅಂದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವರು ನನಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅಷ್ಟು ದೊಡ್ಡ ಮಾತನ್ನೂ ನೆಲದ ಮೇಲೆ ಇಟ್ಟು ತೋರಿಸಿದ್ದರು.

"ಇಲ್ಲರಿ ಮಾವ" ಎಂದೆ.

"ಬಿಡಬ್ಯಾಡ" ಎಂದರು. "ದಿನಾ ಮುಚ್ಚಳ ಹಾಕೂವಾಗ ಆ ಸಿಟ್ಟ ಬೇಕಾಗ್ತದ."

ನಾನು ಬೀಸುವುದನ್ನು ನಿಲ್ಲಿಸಲಿಲ್ಲ. ಮೂರು ದಿನದ ಮೇಲೆ, ಬೆಳಗಿನ ಹೊತ್ತು, ನಾನು ಮುಖ ಒರೆಸಲು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಹಿರಿಯರ ಪಕ್ಕದಲ್ಲಿ, ಊರ ಹೊರಗಿನ ಅವರದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಭಾಲ್ಕಿಗೆ ಒಬ್ಬಳೇ ತಿರುಗಿ ಬಂದೆ. ಕಾರಭಾರಿ ಬದಲಾದ, ಡ್ರೈವರರು ಮೂವರು ಬಂದು ಹೋದರು, ನಿಜಾಮರ ಆಳ್ವಿಕೆಯೂ ಹೋಯಿತು. ಗ್ರೀಸಿನ ಕೆಲಸ ನನ್ನದೇ ಉಳಿಯಿತು. ಹೊಸದಾಗಿ ಬಂದವರು, ಯಾಕಬೇ ಇಷ್ಟು ಕಟಿಪಿಟಿ ಮಾಡ್ತಿ, ಒಂದು ದಿನ ಮುಚ್ಚಳ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡದೆ ಮುಚ್ಚಳ ಹಾಕಿ ಕೊಕ್ಕೆ ಸಿಕ್ಕಿಸುತ್ತಿದ್ದೆ. ನನ್ನ ಅನ್ನ ಆ ಕೆಲಸದಿಂದ ಬಂತು. ಯಾರ ಮನೆಯ ಮೂಲೆಯಲ್ಲೂ ಕೈಚಾಚಿ ಕೂಡದೆ ಬದುಕಿದೆ. ಆ ಶಾಫ್ಟು ಇದ್ದಷ್ಟು ಕಾಲ ಮತ್ತೊಬ್ಬರ ಬಟ್ಟೆಯ ಎಳೆಯನ್ನೂ ಹಿಡಿಯಲಿಲ್ಲ.

ಸಿಟ್ಟು ಯಾವಾಗ ಹೋಯಿತೋ ಹೇಳಲಾರೆ. ಒಂದು ಚಳಿಗಾಲದ ಬೆಳಿಗ್ಗೆ ಜೋಡಿಗೆ ಗ್ರೀಸು ತುಂಬುತ್ತಾ, ನನ್ನ ಗಂಡ ನಗುವ ರೀತಿ ನೆನಪಾಗಿ ನಾನೂ ನಕ್ಕೆ. ಆಮೇಲೆ ಮಾವ ನೆನಪಾದರು. ಎಂದಿನ ಸಿಟ್ಟು ಏಳಲಿಲ್ಲ. ಕಾದು ನೋಡಿದೆ. ಎರಡು ದಿನ, ಮೂರು ದಿನ. ಬರಲಿಲ್ಲ. ಹಗುರವಾಯಿತು ಅನ್ನುವುದಕ್ಕಿಂತ ದಣಿವಾಯಿತು ಅನ್ನುವುದೇ ಸರಿ. ಬಹಳ ದೂರ ಹೊತ್ತು ತಂದದ್ದನ್ನು ಇಳಿಸಿದ ಮೇಲೆ ಭುಜಕ್ಕೆ ಆಗುತ್ತದಲ್ಲ, ಹಾಗೆ.

ಹಂಗಾಮು ಮುಗಿದ ಮೇಲೆ ಔರಾದಿನ ಬಸ್ಸು ಹತ್ತಿದೆ. ಬದುವಿನ ಮೇಲೆ ಹುಲ್ಲು ಬೆಳೆದಿತ್ತು. ಮನೆಯವರು ಚಹಾ ಕುಡಿದು ಹೋಗಲು ಕರೆದರು, ಆಮೇಲೆ ಬರುತ್ತೇನೆ ಅಂದೆ. ಯಾರೂ ಇಲ್ಲದ್ದನ್ನು ನೋಡಿಕೊಂಡು ಅವರ ತಲೆಯ ಕಡೆ ಕೂತೆ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಮಾವ, ಸಿಟ್ಟ ಹೋಯ್ತರಿ" ಎಂದೆ. "ಮುಚ್ಚಳ ಮಾತ್ರ ದಿನಾ ಹಾಕ್ತೇನಿ."